ಗರಸು ನೆಲದಲ್ಲಿ ತಾನಾಗಿ ಬೆಳೆಯುವ ವಿಷ್ಣುಕ್ರಾಂತಿ ನಮ್ಮ ಮಡಿಯಲ್ಲಿ ಏಕೆ ಸಾಯುತ್ತದೆ?

ಕಲ್ಲಿನಕೋಟೆ, ಚಿತ್ರದುರ್ಗ (ಜುಲೈ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗೇಟಿನಿಂದ ಜಗಲಿಯವರೆಗೆ 14 ಅಡಿ ಉದ್ದ, 9 ಅಡಿ ಅಗಲದ ಜಾಗವಿದೆ. ಮಣ್ಣು ಕೆಂಪು ಗರಸು. ಒಂದು ಗೇಣು ಅಗೆದರೆ ಹಾರೆಗೆ ಬೆಣಚುಕಲ್ಲು ತಾಗುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಹುಲ್ಲುಹಾಸು ಮಾಡಿಕೊಂಡು ಅದಕ್ಕೆ ದಿನವೂ ಕೊಳವೆಬಾವಿಯ ನೀರು ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆದ್ದರಿಂದ ನೆಲಕ್ಕೆ ಅಂಟಿಕೊಂಡು ಹರಡುವ, ಒಮ್ಮೆ ಬೇರೂರಿದರೆ ವರ್ಷ ವರ್ಷವೂ ಚಿಗುರಿ ಹೂ ಬಿಡುವ ಗಿಡವೊಂದು ಬೇಕೆಂದು ಬಹಳ ದಿನಗಳಿಂದ ಹುಡುಕುತ್ತಿದ್ದೆ.

ಆ ಗಿಡ ಪಕ್ಕದ ಖಾಲಿ ನಿವೇಶನದಲ್ಲೇ ಇತ್ತು. ಅಲ್ಲಿ ವಿಷ್ಣುಕ್ರಾಂತಿ ಯಾರ ಆರೈಕೆಯೂ ಇಲ್ಲದೆ, ಕಾಲುದಾರಿಯ ಎರಡೂ ಬದಿಗೆ ಚಾಪೆ ಹಾಸಿದಂತೆ ಹರಡಿಕೊಂಡು, ಬೆಳಗಿನ ಬಿಸಿಲಿಗೆ ತಿಳಿನೀಲಿ ಹೂ ಅರಳಿಸಿಕೊಂಡು ನಿಂತಿರುತ್ತದೆ. ಗಣೇಶನ ಪೂಜೆಯ 21 ಪತ್ರೆಗಳಲ್ಲಿ ಅದೂ ಒಂದಾದ್ದರಿಂದ ಅಮ್ಮ ಪ್ರತಿ ಹಬ್ಬಕ್ಕೂ ಅಲ್ಲಿಂದಲೇ ನಾಲ್ಕು ಕುಡಿ ತರುತ್ತಾರೆ. ಈಗ ಅಲ್ಲಿ ಮನೆ ಕಟ್ಟುತ್ತಾರಂತೆ. ಆಷಾಢ ಕಳೆದ ಮೇಲೆ ಗುದ್ದಲಿಪೂಜೆ, ಅದರ ಬೆನ್ನಿಗೇ ಜೆಸಿಬಿ. ಮಾಲೀಕರ ಒಪ್ಪಿಗೆ ಪಡೆದು 6 ಗಿಡಗಳನ್ನು ಸಲಿಕೆಯಿಂದ ಎಬ್ಬಿಸಿ ತಂದೆ. ಅವುಗಳಿಗೆಂದು ಮಡಿ ಅಗೆದು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಮೂರನ್ನೂ ಸಮವಾಗಿ ಬೆರೆಸಿ ನೆಟ್ಟು, ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದೆ. ಮೂರು ವಾರದೊಳಗೆ 5 ಗಿಡಗಳು ಹೋದವು. ಮೊದಲು ಬುಡದ ಎಲೆಗಳು ಹಳದಿಯಾದವು, ಆಮೇಲೆ ಮಣ್ಣಿಗೆ ತಾಗುವ ಕಡೆ ಕಾಂಡ ಕಪ್ಪಾಯಿತು, ಕೊನೆಗೆ ಮುಟ್ಟಿದರೆ ಕೈಗೆ ಬರುವಷ್ಟು ಕೊಳೆತಿತ್ತು. ಆರನೆಯದೂ ಇವತ್ತೋ ನಾಳೆಯೋ ಎನ್ನುವಂತಿದೆ.

ಬೇಸರದಿಂದ ಒಂದು ನರ್ಸರಿಗೆ ಹೋದರೆ ‘ಇದೇ ವಿಷ್ಣುಕ್ರಾಂತಿ’ ಎಂದು ಒಂದು ಕುಂಡ ಕೊಟ್ಟರು. ಇದರ ಹೂವು ಒಂದು ರೂಪಾಯಿ ನಾಣ್ಯದಷ್ಟಿದೆ, ಕಡುನೀಲಿ, ನಡುವೆ ಬಿಳಿ ಚುಕ್ಕೆ. ನಾನು ಚಿಕ್ಕಂದಿನಿಂದ ಕಂಡಿರುವ ಹೂವು ಇದರ ಅರ್ಧದಷ್ಟೂ ಇಲ್ಲ. ಎರಡೂ ಒಂದೇ ಗಿಡವೇ? ನನ್ನ ಗಿಡಗಳು ಏಕೆ ಸತ್ತವು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.


ಕಾವಲು ಹುಲ್ಲು, ಚಳ್ಳಕೆರೆ

ನಿಮ್ಮ ಗಿಡಗಳನ್ನು ಕೊಂದದ್ದು ನೀರು ಮತ್ತು ಗೊಬ್ಬರ. ಹೀಗೆ ಹೇಳುವಾಗ ನಿಮ್ಮನ್ನು ಆಕ್ಷೇಪಿಸುತ್ತಿಲ್ಲ. ನಾನೂ ಇದೇ ತಪ್ಪನ್ನು ಎರಡು ಬಾರಿ ಮಾಡಿ ಕಲಿತಿದ್ದೇನೆ.

ನಮ್ಮ ಕಡೆಯ ಅಮೃತಮಹಲ್ ಕಾವಲುಗಳ, ಅಂದರೆ ದನ ಮೇಯುವ ಹುಲ್ಲುಗಾವಲುಗಳ, ಹುಲ್ಲಿನ ನಡುವೆ ಈ ಗಿಡ ಎಲ್ಲಿ ಚೆನ್ನಾಗಿದೆ ಎಂದು ಗಮನಿಸಿ ನೋಡಿದ್ದೇನೆ. ನೀರು ನಿಲ್ಲುವ ತಗ್ಗಿನಲ್ಲಿ ಅದು ಇರುವುದಿಲ್ಲ. ದನ ಕುರಿ ಮೇದು ಹುಲ್ಲು ಗಿಡ್ಡವಾಗಿರುವ, ಹರಳುಗಲ್ಲು ಮೇಲೆದ್ದಿರುವ, ಮಳೆ ನಿಂತ ಅರ್ಧ ಗಂಟೆಗೆ ಕಾಲಿಗೆ ಕೆಸರು ಮೆತ್ತದ ದಿಬ್ಬಗಳಲ್ಲಿ ಅದು ಗಟ್ಟಿಯಾಗಿ ಕೂತಿರುತ್ತದೆ. ಎಲೆಯ ಮೇಲಿನ ರೇಷ್ಮೆಯಂಥ ಬಿಳಿ ರೋಮವನ್ನು ನೋಡಿ. ಒಣಗಾಳಿಯಲ್ಲಿ ತೇವ ಆರದಂತೆ ಕಾಯುವ ಹೊದಿಕೆ ಅದು. ಅಂಥ ಗಿಡಕ್ಕೆ ಕೋಕೋಪೀಟು ಹಾಕಿದರೆ ಬುಡದ ಸುತ್ತ ಸದಾ ತೇವ ನಿಂತು, ಶಿಲೀಂಧ್ರ ಹತ್ತಿ, ನೀವು ಬರೆದಂತೆ ಕುತ್ತಿಗೆಯಲ್ಲಿ ಕೊಳೆಯುತ್ತದೆ. 2022ರಲ್ಲಿ, ಅಂದರೆ 1933ರ ನಂತರ ಮೊದಲ ಬಾರಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದ ವರ್ಷ, ನನ್ನ ಗೊಬ್ಬರ ಹಾಕಿದ ಮಡಿಯಲ್ಲಿದ್ದ ಗಿಡಗಳು ಒಂದೂ ಉಳಿಯಲಿಲ್ಲ. ಅದೇ ಮಳೆಯಲ್ಲಿ ಅಂಗಳದ ಕಲ್ಲುಚಪ್ಪಡಿಯ ಸಂದಿಯಲ್ಲಿ ತಾನಾಗಿ ಹುಟ್ಟಿದ್ದ ಎರಡು ಗಿಡಗಳಿಗೆ ಏನೂ ಆಗಲಿಲ್ಲ. ಚಪ್ಪಡಿಯ ಕೆಳಗೆ ಇದ್ದದ್ದು ಬರೀ ಗರಸು ಮತ್ತು ಮರಳು. ನನಗೆ ಪಾಠವಾದದ್ದು ಅಲ್ಲಿ.

ಇನ್ನೊಂದು ಕಾರಣ ಬೇರು. ನೆಲದ ಮೇಲೆ ಹರಡಿದ ಕಡ್ಡಿಗಳನ್ನು ನೋಡಿ ಇದೂ ಗರಿಕೆಯಂತೆ ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಎಲ್ಲ ಕಡ್ಡಿಗಳೂ ನಡುವಿನ ಒಂದೇ ಬುಡದಿಂದ ಹೊರಟಿರುತ್ತವೆ, ಆ ಬುಡ ಕಟ್ಟಿಗೆಯಂತೆ ಗಟ್ಟಿಯಾಗಿದ್ದು ಅದರ ಬೇರು ಕಲ್ಲಿನ ಸಂದಿ ಹಿಡಿದು ನೆಟ್ಟಗೆ ಕೆಳಗಿಳಿದಿರುತ್ತದೆ. ಸಲಿಕೆ ಹಾಕಿ ಎಬ್ಬಿಸಿದರೆ ಆ ಬೇರು ಅರ್ಧಕ್ಕೇ ತುಂಡಾಗುತ್ತದೆ. ಬೆಳೆದ ಗಿಡವನ್ನು ಕಿತ್ತು ನೆಡುವುದನ್ನು ಬಿಟ್ಟು, ಬೀಜವನ್ನು ನೇರವಾಗಿ ಅದು ಇರಬೇಕಾದ ಜಾಗದಲ್ಲೇ ಬಿತ್ತುವುದು ಒಳ್ಳೆಯದು. ಆಷಾಢ ಮುಗಿಯುವವರೆಗೆ ಜೆಸಿಬಿ ಬರುವುದಿಲ್ಲ ಎಂದಿದ್ದೀರಿ; ಆ ಅವಧಿಯಲ್ಲಿ ಬೀಜ ಸಂಗ್ರಹಿಸಿಕೊಳ್ಳಿ.

ಮಡಿಯ ಗೊಬ್ಬರದ ಮಿಶ್ರಣವನ್ನು ಪೂರ್ತಿ ತೆಗೆದುಬಿಡಿ, ನಿಮ್ಮ ಮೂಲ ಗರಸನ್ನೇ ವಾಪಸು ತುಂಬಿ. ಗೇಟಿನ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಬಿತ್ತುವ ಮೊದಲು ಗರಿಕೆ ಮತ್ತು ಜೇಕನ್ನು ಗಡ್ಡೆಸಹಿತ ಆರಿಸಿ ತೆಗೆಯಲೇಬೇಕು, ಏಕೆಂದರೆ ಆಮೇಲೆ ಅವುಗಳನ್ನು ಕೀಳಲು ಹೋದರೆ ಎಳೆಯ ವಿಷ್ಣುಕ್ರಾಂತಿಯೂ ಜೊತೆಗೇ ಬರುತ್ತದೆ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಕಾಂಪೌಂಡಿನ ನೆರಳಿನಲ್ಲಿ ಕಡ್ಡಿ ಉದ್ದವಾಗಿ ಬಿಳಿಚಿಕೊಳ್ಳುತ್ತದೆ, ಹೂ ಬಿಡುವುದಿಲ್ಲ.


ಎರೆಹೊಲ, ದಾವಣಗೆರೆ

ಅಣ್ಣನವರ ಮಾತು ಗರಸು ನೆಲಕ್ಕೆ ಸರಿ. ನಮ್ಮಂತೆ ಎರೆಮಣ್ಣಿನ ಮೇಲೆ ಮನೆ ಕಟ್ಟಿಕೊಂಡವರ ಪಾಡು ಬೇರೆ. ಮಳೆಗಾಲದಲ್ಲಿ ಉಬ್ಬಿ ಅಂಟಂಟಾಗುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣಿನಲ್ಲಿ ಮಳೆಗೆ ಬೇರು ಕೊಳೆಯುತ್ತದೆ, ಅದರಿಂದ ಪಾರಾದ ಬೇರನ್ನು ಬೇಸಿಗೆಯ ಬಿರುಕು ಹರಿಯುತ್ತದೆ. ನಾನು ನೆಲವನ್ನು ಸುಧಾರಿಸುವ ಯೋಚನೆ ಬಿಟ್ಟು, ಸುತ್ತ ಸೈಜುಗಲ್ಲು ಜೋಡಿಸಿ ಒಂದು ಅಡಿ ಎತ್ತರದ ಕಟ್ಟೆ ಮಾಡಿಸಿ, ಅದರೊಳಗೆ ಚಿತ್ರದುರ್ಗದ ಕಡೆಯಿಂದ ಬಂದ ಗರಸು ಎರಡು ಪಾಲು, ಮರಳು ಒಂದು ಪಾಲು ತುಂಬಿಸಿದೆ. ತಳದಲ್ಲಿ ಇಟ್ಟಿಗೆ ಚೂರು ಹರಡಿ, ನೀರು ಹೊರಹೋಗಲು ಕಲ್ಲಿನ ನಡುವೆ ಎರಡು ಕಡೆ ಸಂದಿ ಬಿಟ್ಟಿದ್ದೇನೆ. ಖರ್ಚಾಯಿತು, ಆದರೆ ಮತ್ತೆ ಯಾವ ಗಿಡವೂ ಕೊಳೆತಿಲ್ಲ.

ನರ್ಸರಿಯವರು ಕೊಟ್ಟದ್ದು ಬ್ಲೂ ಡೇಜ್ ಎಂಬ ಗಿಡ. ಅದು ವಿಷ್ಣುಕ್ರಾಂತಿಯ ಹತ್ತಿರದ ಸಂಬಂಧಿ, ಆದರೆ ವಿಷ್ಣುಕ್ರಾಂತಿಯಲ್ಲ. ನನ್ನ ಕಟ್ಟೆಯಲ್ಲಿ ಅರ್ಧ ಭಾಗ ಅದೇ ಇದೆ. ಇದಕ್ಕೆ ನಮ್ಮ ಗಿಡಕ್ಕಿಂತ ಹೆಚ್ಚು ನೀರು ಬೇಕು: ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಅದೂ ಮೇಲಿನ ಮಣ್ಣು ಒಣಗಿದ ಮೇಲೆ. ಎಲೆ ಜೋತುಬಿದ್ದರೂ ನೀರು ಕಂಡೊಡನೆ ಎದ್ದುಕೂರುತ್ತದೆ. ಕುಡಿಯಿಂದ 3–4 ಇಂಚಿನ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಒಂದೇ ಕುಂಡದಿಂದ ನಾನು ಇಡೀ ಕಟ್ಟೆಗೆ ಸಾಕಾಗುವಷ್ಟು ಮಾಡಿಕೊಂಡೆ. ಹಾಗೆಯೇ ಬಿಟ್ಟರೆ ನಡುವೆ ಬೋಳಾಗುತ್ತದೆ, ಆದ್ದರಿಂದ ವರ್ಷಕ್ಕೆರಡು ಸಲ ಮೂರನೇ ಒಂದು ಭಾಗ ಕತ್ತರಿಸಬೇಕು.

ಕೊಂಡು ತಂದ ಗಿಡವನ್ನು ತಿರಸ್ಕರಿಸಬೇಡಿ. ಆದರೆ ಅಮ್ಮನವರ ಪತ್ರೆಗೆ ಅದು ಆಗುವುದಿಲ್ಲ.


ಹೊಸಮನೆ, ದಾವಣಗೆರೆ

ಇಷ್ಟೆಲ್ಲ ಶ್ರಮವೇಕೆ? ವೆಡೇಲಿಯಾ ಹಾಕಿ ನೋಡಿ. ಒಂದು ತುಂಡು ಎಸೆದರೂ ಬೆಳೆಯುತ್ತದೆ, ವರ್ಷವಿಡೀ ಹಳದಿ ಹೂ, ಎರಡೇ ತಿಂಗಳಲ್ಲಿ ನೆಲ ಕಾಣುವುದಿಲ್ಲ.


ಎರೆಹೊಲ, ದಾವಣಗೆರೆ

ದಯವಿಟ್ಟು ಈ ಸಲಹೆಯನ್ನು ಯಾರೂ ಅನುಸರಿಸಬಾರದೆಂದು ಕೈಮುಗಿದು ಕೇಳುತ್ತೇನೆ. ‘ಒಂದು ತುಂಡು ಎಸೆದರೂ ಬೆಳೆಯುತ್ತದೆ’ ಎಂಬುದೇ ಅದರ ಅಪಾಯ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಬಳ್ಳಿ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಪ್ರತಿ ಗಿಣ್ಣೂ ಬೇರು ಬಿಡುತ್ತದೆ, ಕತ್ತರಿಸಿ ಬಿಸಾಡಿದ ಪ್ರತಿ ತುಂಡೂ ಗಿಡವಾಗುತ್ತದೆ. ನಮ್ಮ ಬೀದಿಯ ಒಂದು ಪಾರ್ಕಿನಲ್ಲಿ ಅಂಚಿಗೆ ಚೆಂದವೆಂದು ಹಾಕಿದ್ದರು. ಮೂರು ವರ್ಷದಲ್ಲಿ ಅದು ಚರಂಡಿಗಿಳಿದು, ಚರಂಡಿಯಿಂದ ಆಚೆಯ ಖಾಲಿ ಜಾಗಕ್ಕೆ ಹೋಗಿ, ಅಲ್ಲಿದ್ದ ತುಂಬೆ, ಉತ್ತರಣೆ, ನೆಲನೆಲ್ಲಿ ಎಲ್ಲವನ್ನೂ ಮುಚ್ಚಿಹಾಕಿತು. ನಾವು ಆರು ಜನ ನಾಲ್ಕು ಭಾನುವಾರ ಕಿತ್ತರೂ ಈಗಲೂ ಚಿಗುರುತ್ತಿದೆ. ಭದ್ರಾ ನಾಲೆಯ ನೀರು ಹರಿಯುವ ಈ ಸೀಮೆಯಲ್ಲಿ ಅದು ಕಾಲುವೆಯ ಅಂಚಿಗೆ ತಲುಪಿದರೆ ತಡೆಯುವವರು ಯಾರು?


ಹೊಸಮನೆ, ದಾವಣಗೆರೆ

ಇದು ನನಗೆ ತಿಳಿದಿರಲಿಲ್ಲ, ಅಕ್ಕಾ. ನಮ್ಮ ಮನೆಯಲ್ಲಿ ಎರಡು ಕುಂಡದಷ್ಟಿದೆ, ತೆಗೆಯುತ್ತೇನೆ. ತೆಗೆದದ್ದನ್ನು ಏನು ಮಾಡಬೇಕು?


ಎರೆಹೊಲ, ದಾವಣಗೆರೆ

ನೆಲಕ್ಕೆ ಹಾಕದೆ, ತಗಡಿನ ಮೇಲೋ ತಾರಸಿಯ ಮೇಲೋ ಹರಡಿ, ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ. ಗೊಬ್ಬರದ ಗುಂಡಿಗೆ ಹಸಿಯಾಗಿ ಹಾಕಬೇಡಿ.


ನಿವೃತ್ತ ಮೇಷ್ಟ್ರು, ಹೊಸದುರ್ಗ

ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವನು. ಹೆಸರಿನ ಗೊಂದಲದ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಹೆಸರು ತಪ್ಪಿದರೆ ಆರೈಕೆಯೂ ತಪ್ಪುತ್ತದೆ.

ನಮ್ಮ ಕಾಡು ವಿಷ್ಣುಕ್ರಾಂತಿ ಇವೋಲ್ವುಲಸ್ ಆಲ್ಸಿನಾಯ್ಡಿಸ್. ಬ್ಲೂ ಡೇಜ್ ಎಂದು ಮಾರುವುದು ಬ್ರೆಜಿಲ್ ಕಡೆಯ ಇವೋಲ್ವುಲಸ್ ಗ್ಲಾಮರೇಟಸ್. ಎರಡೂ ಗೆಣಸಿನ ಬಳ್ಳಿಯ ಕುಟುಂಬಕ್ಕೆ ಸೇರಿದವು. ಲಿನೇಯಸ್ ಅವರು ನಮ್ಮ ಗಿಡವನ್ನು 1753ರಲ್ಲಿ ಕಾನ್ವಾಲ್ವುಲಸ್ ಕುಲದಲ್ಲಿಟ್ಟು, 1762ರಲ್ಲಿ ಇವೋಲ್ವುಲಸ್ ಕುಲಕ್ಕೆ ವರ್ಗಾಯಿಸಿದರು. ಲ್ಯಾಟಿನ್ನಿನಲ್ಲಿ ಮೊದಲನೆಯ ಹೆಸರಿಗೆ ಸುತ್ತಿಕೊಳ್ಳುವುದು ಎಂಬ ಅರ್ಥ, ಎರಡನೆಯದಕ್ಕೆ ಸುತ್ತು ಬಿಚ್ಚಿಕೊಳ್ಳುವುದು ಎಂಬ ಅರ್ಥ. ಈ ಗಿಡ ತನ್ನ ನೆಂಟರಂತೆ ಬೇಲಿಗೋ ಮರಕ್ಕೋ ಸುತ್ತಿ ಏರುವುದಿಲ್ಲ, ನೆಲದ ಮೇಲೆಯೇ ಚಾಚಿಕೊಳ್ಳುತ್ತದೆ. ತೋಟಗಾರರಿಗೆ ಇದು ಉಪಯೋಗದ ಮಾತು: ಪಕ್ಕದಲ್ಲಿ ಗುಲಾಬಿ ಇದ್ದರೂ, ಮಲ್ಲಿಗೆ ಇದ್ದರೂ ಅದರ ಮೇಲೆ ಹತ್ತಿ ಉಸಿರು ಕಟ್ಟಿಸುತ್ತದೆಂಬ ಭಯವಿಲ್ಲ.

ಗುರುತಿಸುವುದು ಕಷ್ಟವಲ್ಲ. ನಮ್ಮ ಗಿಡದ ಹೂವು ಅರ್ಧದಿಂದ ಒಂದು ಸೆಂಟಿಮೀಟರ್ ಅಗಲ, ತಿಳಿನೀಲಿ, ತೆಳುವಾದ ತೊಟ್ಟಿನ ಮೇಲೆ ನಿಂತಿರುತ್ತದೆ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಬ್ಲೂ ಡೇಜ್‌ನ ಹೂವು ಎರಡು ಸೆಂಟಿಮೀಟರಿಗೂ ಮೀರುತ್ತದೆ, ಎಲೆಯೂ ದೊಡ್ಡದು. ಭೂತಗನ್ನಡಿ ಇದ್ದರೆ ಹೂವಿನ ನಡುವೆ ನೋಡಿ: ಎರಡು ಶಲಾಕೆಗಳು (ಹೂವಿನ ಹೆಣ್ಣುಭಾಗದ ಎಳೆಗಳು), ಒಂದೊಂದೂ ಮತ್ತೆ ಎರಡಾಗಿ ಸೀಳಿ ನಾಲ್ಕು ತುದಿ ಕಾಣಿಸುತ್ತವೆ. ಇವೋಲ್ವುಲಸ್ ಕುಲದ ಲಕ್ಷಣವೇ ಅದು. ಬೇಲಿಗೆ ಹಬ್ಬುವ ಶಂಖಪುಷ್ಪ, ಅಂದರೆ ಗಿರಿಕರ್ಣಿಕೆಯನ್ನೂ ಕೆಲವರು ವಿಷ್ಣುಕ್ರಾಂತಿ ಎನ್ನುತ್ತಾರೆ. ಅದು ಅವರೆ, ತೊಗರಿಯ ಕುಟುಂಬದ ಬೇರೆಯೇ ಬಳ್ಳಿ. ಶಂಖಪುಷ್ಪಿ ಎಂಬ ಔಷಧದ ಹೆಸರನ್ನೂ ಈ ಗಿಡಕ್ಕೆ, ಗಿರಿಕರ್ಣಿಕೆಗೆ, ಕಾನ್ವಾಲ್ವುಲಸ್ ಕುಲದ ಮತ್ತೊಂದಕ್ಕೆ ಬಳಸುವುದುಂಟು. ಆದ್ದರಿಂದ ಅಂಗಳದ ಗಿಡವನ್ನು ಹೆಸರು ನಂಬಿ ಅರೆದು ಕುಡಿಯಬಾರದು.

ಮತ್ತೊಂದು ಮಾತು. ಕೋಟೆಯ ಬಂಡೆಗಳ ಸಂದಿಯಲ್ಲೂ ಜೋಗಿಮಟ್ಟಿಯ ಇಳಿಜಾರಿನಲ್ಲೂ ಇದು ಸೊಂಪಾಗಿದೆ ಎಂದು ಯಾರೂ ಅಲ್ಲಿಂದ ಕಿತ್ತು ತರಬೇಡಿ. ಒಂದು ಸಂರಕ್ಷಿತ ಸ್ಮಾರಕ, ಇನ್ನೊಂದು ಅರಣ್ಯ. ನಿವೇಶನವಾಗಿ ನಾಶವಾಗಲಿರುವ ನೆಲದಿಂದ ಕೇಳಿ ತಂದದ್ದು ಸರಿಯಾದ ದಾರಿ.


ಹೊಳೆದಂಡೆ, ಹರಿಹರ

ನಮ್ಮ ಹಿತ್ತಲು ತುಂಗಭದ್ರೆಗೆ ಹತ್ತಿರ, ಮಣ್ಣು ಸದಾ ತಂಪು. ಇಲ್ಲಿ ವಿಷ್ಣುಕ್ರಾಂತಿ ನಿಲ್ಲಲಿಲ್ಲ. ನೆಲಹಿಪ್ಪಲಿ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಕೆರೆಯಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಕಾಣುವುದು ಅದೇ. ಬೆಂಕಿಕಡ್ಡಿಯ ತಲೆಯಂಥ ಸಣ್ಣ ಗೊಂಚಲಿನ ಸುತ್ತ ಬಿಳಿ–ನಸುಗೆಂಪು ಹೂ. ಗಿಣ್ಣಿಗೆ ಬೇರು ಬಿಡುವ ಗಿಡವಾದ್ದರಿಂದ ತುಂಡುಗಳನ್ನು ಊರಿದರೆ ಸಾಕು, ಮೇಲೆ ನಡೆದಾಡಿದರೂ ತಡೆಯುತ್ತದೆ. ಜೇನು, ಚಿಟ್ಟೆ ದಿನವಿಡೀ ಬರುತ್ತವೆ. ಸ್ನಾನದ ಮನೆಯ ನೀರು ಹರಿಯುವ ಕಡೆ ಏನು ಹಾಕಲಿ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹೂವಿನ ಮಡಿಯೊಳಗೆ ಬಿಟ್ಟುಕೊಳ್ಳಬೇಡಿ, ಅಂಚು ದಾಟುತ್ತದೆ.


ಕಲ್ಲಿನಕೋಟೆ, ಚಿತ್ರದುರ್ಗ

ಎಲ್ಲರಿಗೂ ಕೃತಜ್ಞ. ಮಡಿಯ ಗೊಬ್ಬರ ತೆಗೆದು ಗರಸು ತುಂಬಿದ್ದೇನೆ. ಚಳ್ಳಕೆರೆಯ ಅಣ್ಣನವರೇ, ಬೀಜ ಯಾವಾಗ, ಹೇಗೆ ಆರಿಸಬೇಕು? ಕಾಯಿ ತೀರಾ ಸಣ್ಣದು.


ಕಾವಲು ಹುಲ್ಲು, ಚಳ್ಳಕೆರೆ

ಹೂ ಉದುರಿದ ಮೇಲೆ ತೊಟ್ಟು ಕೆಳಕ್ಕೆ ಬಾಗಿ ಸಾಸಿವೆಗಿಂತ ತುಸು ದೊಡ್ಡ ಉಂಡೆಕಾಯಿ ನಿಲ್ಲುತ್ತದೆ. ಅದು ಹಸಿರಿದ್ದಾಗ ಕೊಯ್ದರೆ ಪ್ರಯೋಜನವಿಲ್ಲ. ಹುಲ್ಲಿನ ಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ನಾಲ್ಕಾಗಿ ಬಿರಿಯುವಂತಾದಾಗ ತೆಗೆಯಬೇಕು. ಒಳಗೆ ಹೆಚ್ಚೆಂದರೆ 4 ಬೀಜ. ಎಲ್ಲ ಕಾಯಿಯೂ ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಎರಡು ದಿನಕ್ಕೊಮ್ಮೆ ಹೋಗಿ, ಗಿಡದ ಕೆಳಗೆ ಬಿಳಿ ಪಂಚೆ ಹಾಸಿ ಕಡ್ಡಿಗಳನ್ನು ಮೆಲ್ಲನೆ ತಟ್ಟಿ.

ಬೀಜದ ಸಿಪ್ಪೆ ಗಡುಸು. ಈ ಕುಟುಂಬದ ಬೀಜಗಳ ಸ್ವಭಾವವೇ ಹಾಗೆ. ಸಿಪ್ಪೆಯೊಳಗೆ ನೀರು ಇಳಿಯದಿದ್ದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಕೂರುತ್ತವೆ. ಒಮ್ಮೆಲೇ ಎಲ್ಲವೂ ಮೊಳೆತು ಬರಗಾಲಕ್ಕೆ ಸಿಕ್ಕಿ ಸಾಯದಿರಲು ಅವು ಕಂಡುಕೊಂಡ ಉಪಾಯ ಅದೆಂದು ನನಗೆ ಅನ್ನಿಸುತ್ತದೆ. ನಾನು ನಯವಾದ ಉಪ್ಪುಕಾಗದದ ಎರಡು ತುಂಡುಗಳ ನಡುವೆ ಬೀಜವಿಟ್ಟು ಐದಾರು ಸುತ್ತು ಹಗುರಾಗಿ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ಉಬ್ಬಿದವನ್ನು ಬಿತ್ತುತ್ತೇನೆ, ಉಬ್ಬದವನ್ನು ಮತ್ತೆ ಉಜ್ಜುತ್ತೇನೆ. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹಾಕಬೇಡಿ. ಮುಕ್ಕಾಲು ಅಡಿಗೆ ಒಂದು ಗುಣಿ, ಗುಣಿಗೆ ಮೂರು ಬೀಜ, ಮೇಲೆ ಚಿಟಿಕೆ ಮರಳು. ಮೊಳಕೆ ಕಾಣುವವರೆಗೆ ಕೈಯಿಂದ ನೀರು ಚಿಮುಕಿಸಿ. ಆಮೇಲೆ ಮಳೆ ಇಲ್ಲದ ವಾರದಲ್ಲಿ ಮಾತ್ರ ಒಮ್ಮೆ ಕೊಡಿ. ಕೊಳವೆಬಾವಿಯ ನೀರು ಗಡಸಾಗಿದ್ದು ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತಿದ್ದರೆ ಮಳೆನೀರು ಹಿಡಿದಿಟ್ಟುಕೊಳ್ಳಿ. ಗಿಡ ಒಂದು ಬೆರಳಿನಷ್ಟಾದ ಮೇಲೆ ಸುತ್ತಲೂ ಸಣ್ಣ ಹರಳುಗಲ್ಲು ಒಂದು ಇಂಚು ಹರಡಿದರೆ, ಮಳೆಹನಿ ಸಿಡಿದು ಎಲೆಗೆ ಕೆಸರು ಹತ್ತುವುದೂ ಕಳೆ ಏಳುವುದೂ ಎರಡೂ ಕಡಿಮೆಯಾಗುತ್ತವೆ.


ಕಲ್ಲಿನಕೋಟೆ, ಚಿತ್ರದುರ್ಗ (ಅಕ್ಟೋಬರ್ ಕೊನೆ)

ವರದಿ ಒಪ್ಪಿಸಲು ತಡವಾಯಿತು. ಪುಷ್ಯ ಮಳೆಯ ಹದ ನೋಡಿ ಬಿತ್ತಿದೆ. ಹನ್ನೆರಡನೆಯ ದಿನ ಮೊದಲ ಮೊಳಕೆ ಕಂಡಿತು; ಒಟ್ಟು 23 ಎದ್ದವು. ಅವುಗಳಲ್ಲಿ ಕೆಲವನ್ನು ಬಸವನಹುಳು ತಿಂದಿತು, ಕೆಲವು ಉತ್ತರೆ ಮಳೆಯ ಹೊಡೆತಕ್ಕೆ ಕೊಚ್ಚಿಹೋದವು. ಇವತ್ತಿಗೆ 14 ಗಿಡಗಳಿವೆ, ಹರಳುಗಲ್ಲಿನ ಮೇಲೆ ಗೇಣಗಲಕ್ಕೆ ಹರಡಿವೆ. ಹಬ್ಬದ ಹೊತ್ತಿಗೆ ಅವು ತೀರಾ ಎಳೆಯವಿದ್ದವು. ಪಕ್ಕದ ನಿವೇಶನದಲ್ಲಿ ಆಗಲೇ ಪಾಯ ತೋಡಿದ್ದರು. ಅಮ್ಮ ಈ ವರ್ಷ 20 ಪತ್ರೆಗಳಲ್ಲೇ ಪೂಜೆ ಮುಗಿಸಿ, ಆ ಒಂದಕ್ಕೆ ಅಕ್ಷತೆ ಹಾಕಿದರು. ನಾನು ಕೊಯ್ಯಿರಿ ಎಂದರೂ ಕೊಯ್ಯಲಿಲ್ಲ. ಹೋದ ಸೋಮವಾರ ಮೊದಲ ಹೂವು ಅರಳಿತು.


ಕಲ್ಲಿನಕೋಟೆ, ಚಿತ್ರದುರ್ಗ (ಏಪ್ರಿಲ್)

ಗಾಬರಿಯಾಗಿ ಕೇಳುತ್ತಿದ್ದೇನೆ. ಎಲ್ಲ ಗಿಡಗಳೂ ಕಡ್ಡಿಕಡ್ಡಿಯಾಗಿ ಒಣಗಿವೆ. ನೀರು ಹೆಚ್ಚಿಸಲೇ?


ಕಾವಲು ಹುಲ್ಲು, ಚಳ್ಳಕೆರೆ

ಹೆಚ್ಚಿಸಬೇಡಿ. ಕಾವಲಿನಲ್ಲಿಯೂ ಈಗ ಹಾಗೆಯೇ ಇದೆ. ಒಂದು ಗಿಡದ ಬುಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರೋ ಹಳದಿಯೋ ಇದ್ದರೆ ಜೀವವಿದೆ. ಒಣಗಿದ ಕಡ್ಡಿಯನ್ನು ಎರಡು ಬೆರಳು ಬಿಟ್ಟು ಕತ್ತರಿಸಿ, ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ನೀರು ಬುಡದಿಂದ ತುಸು ದೂರಕ್ಕೆ ಹಾಕಿ. ಭರಣಿ, ಕೃತ್ತಿಕೆ ಮಳೆ ಬೀಳುವವರೆಗೆ ಕಾಯಿರಿ.


ಕಲ್ಲಿನಕೋಟೆ, ಚಿತ್ರದುರ್ಗ (ಸೆಪ್ಟೆಂಬರ್)

ಕೆರೆದು ನೋಡಿದಾಗ 11 ಗಿಡಗಳಲ್ಲಿ ಹಸಿರಿತ್ತು, ಆ 11 ಗಿಡಗಳೂ ಕೃತ್ತಿಕೆ ಮಳೆಗೆ ಬುಡದಿಂದಲೇ ಚಿಗುರಿದವು. ಸತ್ತ ಮೂರರಲ್ಲಿ ಎರಡು ಜಗಲಿಯ ಪಕ್ಕದವು. ತೊಳೆದ ನೀರು ಅಲ್ಲಿಗೇ ಇಳಿಯುತ್ತಿತ್ತೆಂದು ಈಗ ಗೊತ್ತಾಗಿದೆ, ಅದನ್ನು ಬೇರೆ ಕಡೆ ತಿರುಗಿಸಿದ್ದೇನೆ. ಹೋದ ವರ್ಷ ಉದುರಿದ ಬೀಜದಿಂದ ಹರಳಿನ ನಡುವೆ ಹೊಸ ಸಸಿಗಳು ಎದ್ದಿವೆ, ಇನ್ನೂ ಎಣಿಸಿಲ್ಲ. ನರ್ಸರಿಯ ಗಿಡವನ್ನು ಮೆಟ್ಟಿಲಿನ ಪಕ್ಕದ ಕುಂಡಗಳಿಗೆ ಹಾಕಿದ್ದೇನೆ, ಅಲ್ಲಿ ಚೆನ್ನಾಗಿದೆ.

ಈ ಹಬ್ಬದ ಬೆಳಿಗ್ಗೆ ಅಮ್ಮ ಗಿಡಗಳ ಮಡಿಯ ಬಳಿ ಕೂತು, ಹೂವಿಲ್ಲದ ಕುಡಿಗಳನ್ನೇ ಆರಿಸಿ, ಬೇರೆ ಬೇರೆ ಗಿಡದಿಂದ ಒಂದೊಂದರಂತೆ ನಾಲ್ಕು ಕೊಯ್ದರು. ಕಾಯಿ ಮಾಗುತ್ತಿವೆ. ದಾವಣಗೆರೆಯ ಅಕ್ಕನವರ ಕಟ್ಟೆಯ ಉಳಿದ ಅರ್ಧಕ್ಕೆ ಬೇಕಾದಷ್ಟು ಬೀಜವನ್ನು ಕಾಗದದ ಪೊಟ್ಟಣದಲ್ಲಿ ತೆಗೆದಿಟ್ಟಿದ್ದೇನೆ. ಉಜ್ಜಿಲ್ಲ, ಬಿತ್ತುವ ದಿನವೇ ಉಜ್ಜಿಕೊಳ್ಳಿ.